ಆಟದ ಹಬ್ಬ ಕೈತಪ್ಪದಿರಲು: ಅಪ್‌ಡೇಟ್, ಸರ್ವರ್, ಗಡಿಯಾರಗಳ ಸಮಗ್ರ ಮಾರ್ಗದರ್ಶಿ

ಹೋದ ವರ್ಷ ಅಕ್ಟೋಬರ್ 31ರ ಸಂಜೆ ಹೊಳಲ್ಕೆರೆಯಿಂದ ಅಕ್ಕನ ಮಗ ಫೋನ್ ಮಾಡಿದ. "ಮಾಮ, ಆಟದಾಗೆ ಅಂಗಡೀನೇ ಇಲ್ಲ. ನಿನ್ನೆ ರಾತ್ರಿ ಇತ್ತು, ಈಗ ನೋಡಿದ್ರೆ ಹೋಗ್ಬಿಟ್ಟತಿ." ಧ್ವನಿಯಲ್ಲಿ ಅಳು ತುಂಬಿತ್ತು. ಮೊಬೈಲ್, ಕಂಪ್ಯೂಟರ್ ಆಟಗಳಲ್ಲಿ ಕೆಲವು ದಿನ ಮಾತ್ರ ನಡೆಯುವ ಹಬ್ಬಗಳು ಬರುತ್ತವೆ, ಅಂಥದೊಂದು ಅವನ ಆಟದಲ್ಲಿ ನಡೆದಿತ್ತು. ಎರಡು ವಾರ ಶಾಲೆ ಮುಗಿಸಿ ಬಂದು, ಹೋಂವರ್ಕ್ ಮುಗಿಸಿ, ಅರ್ಧರ್ಧ ಗಂಟೆ ಆಡಿ ಕುಂಬಳಕಾಯಿ ಟೋಕನ್ ಕೂಡಿಸಿದ್ದ. ಎಲ್ಲವನ್ನೂ ಕೊನೆಯ ದಿನ ಒಟ್ಟಿಗೆ ಕೊಟ್ಟು ಆಟದ ಪಾತ್ರಕ್ಕೆ ಒಂದು ವೇಷ ತಗೊಳ್ಳಬೇಕೆಂದು ಕಾದಿದ್ದ. ನಾನು ಆಟದ ಕಂಪನಿಯ ಪ್ರಕಟಣೆ ತೆಗೆದು ನೋಡಿದೆ. ಮುಕ್ತಾಯ: ಅಕ್ಟೋಬರ್ 31, 00:00 ಯುಟಿಸಿ ಅಂತಿತ್ತು. ಯುಟಿಸಿ ಅಂದರೆ ಲೋಕಕ್ಕೆಲ್ಲ ಒಂದೇ ಆಗಿ ಇಟ್ಟುಕೊಂಡ ಗಂಟೆ, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹುಡುಗ 31 ನೋಡಿದ್ದ, 00:00 ನೋಡಿರಲಿಲ್ಲ. 31ನೇ ತಾರೀಖು ಹುಟ್ಟುವ ಗಳಿಗೆಗೇ ಹಬ್ಬ ಮುಗಿದಿತ್ತು. ನಮ್ಮ ಗಡಿಯಾರದಲ್ಲಿ ಅದು ಬೆಳಗಿನ 5:30. ಆಗ ಅವನು ಇನ್ನೂ ಹಾಸಿಗೆಯಲ್ಲಿದ್ದ.

ಅವತ್ತು ರಾತ್ರಿ ಅವನಿಗೋಸ್ಕರ ಒಂದು ಹಾಳೆಯಲ್ಲಿ ಬರೆಯಲು ಶುರು ಮಾಡಿದ್ದು ಬೆಳೆಯುತ್ತಾ ಬೆಳೆಯುತ್ತಾ ಇಷ್ಟಾಗಿದೆ. ನಮ್ಮ ಮನೆ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ, ಫೈಬರ್ ಇದೆ. ಅವನ ಮನೆಯಲ್ಲಿ ಇರುವುದು ಮೊಬೈಲ್ ಡೇಟಾ ಮಾತ್ರ. ಹಾಗಾಗಿ ಎರಡೂ ಥರದ ಮನೆಯವರಿಗೆ ಆಗುವಂತೆ ಬರೆದಿದ್ದೇನೆ.

ನಮ್ಮೂರ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆಗೆ ಮುಂಚೆ ಸಾರು ಹಾಕುತ್ತಾರೆ, ಅಂದರೆ ಊರಿಗೆಲ್ಲ ಸಾರಿ ಹೇಳುತ್ತಾರೆ, ಊರಿಗೆ ಊರೇ ತಯಾರಾಗುತ್ತದೆ. ಆಟದ ಹಬ್ಬಕ್ಕೂ ಸಾರು ಹಾಕುತ್ತಾರೆ, ಅಪ್‌ಡೇಟ್‌ನಲ್ಲಿ ಏನೇನು ಹೊಸದು ಅಂತ ಕಂಪನಿ ಬರೆಯುವ ಪ್ಯಾಚ್ ನೋಟ್ಸ್ ಅಂದರೆ ಅದೇ. ಆದರೆ ಅದು ಇಂಗ್ಲಿಷ್‌ನಲ್ಲಿ ಇರುತ್ತದೆ, ಬೇರೆ ದೇಶದ ಗಂಟೆಯಲ್ಲಿ ಇರುತ್ತದೆ, ಮನೆ ಬಾಗಿಲಿಗೆ ಬಂದು ಯಾರೂ ಹೇಳುವುದಿಲ್ಲ. ಹುಡುಕಿಕೊಂಡು ಹೋಗಿ ಓದುವ ಕೆಲಸ ನಮ್ಮದೇ.

ಹಂತ 1: ಹಬ್ಬ ಎಲ್ಲಿ ಕೂತಿದೆ ಅಂತ ಪತ್ತೆ ಮಾಡಿ

ಉಳಿದ ಎಲ್ಲ ಹಂತಗಳೂ ಇದರ ಮೇಲೆ ನಿಂತಿವೆ. ನಿಮ್ಮ ಆಟದ ಹಬ್ಬ ಆಟದೊಳಗಿನ ಪಂಚಾಂಗದಲ್ಲಿದೆಯೋ, ನಿಮ್ಮ ಯಂತ್ರದ ಗಡಿಯಾರದಲ್ಲಿದೆಯೋ, ಇಳಿಸಿಕೊಳ್ಳಬೇಕಾದ ಅಪ್‌ಡೇಟ್‌ನಲ್ಲಿದೆಯೋ, ಇಲ್ಲ ಕಂಪನಿಯ ಸರ್ವರ್‌ನಲ್ಲಿ, ಅಂದರೆ ನೆಟ್ ಮೂಲಕ ಆಟ ನಡೆಸುವ ಅವರ ಕಂಪ್ಯೂಟರಿನಲ್ಲಿದೆಯೋ?

ಆಟದೊಳಗಿನ ಪಂಚಾಂಗದ್ದು ಅತ್ಯಂತ ಸುಲಭ. 2016ರಲ್ಲಿ ಬಂದ ಸ್ಟಾರ್‌ಡ್ಯೂ ವ್ಯಾಲಿಯಲ್ಲಿ ವರ್ಷಕ್ಕೆ 4 ಋತು, ಒಂದೊಂದಕ್ಕೆ 28 ದಿನ. ವಸಂತದ 13ಕ್ಕೆ ಮೊಟ್ಟೆ ಹಬ್ಬ. ಹೊರಗೆ ಶ್ರಾವಣ ಇರಲಿ, ಮಾಘ ಇರಲಿ, ನೀವು ಆ ದಿನದವರೆಗೆ ಆಡಿದಾಗ ಅದು ಬರುತ್ತದೆ. ನೆಟ್ ಬೇಡ, ಆತುರವೂ ಬೇಡ. ಹಳ್ಳಿಯಲ್ಲಿ ಸಿಗ್ನಲ್ ಇಲ್ಲದ ಮನೆಯ ಮಕ್ಕಳಿಗೆ ನಾನು ಮೊದಲು ಹೇಳುವ ಆಟ ಇದೇ.

ಎರಡನೆಯದು ಯಂತ್ರದ ಗಡಿಯಾರ ನೋಡಿ ಬರುವ ಹಬ್ಬ. ಟೆರೇರಿಯಾದಲ್ಲಿ ಅಕ್ಟೋಬರ್ 10ರಿಂದ ನವೆಂಬರ್ 1ರವರೆಗೆ ಹ್ಯಾಲೋವೀನ್, ಡಿಸೆಂಬರ್ 15ರಿಂದ 31ರವರೆಗೆ ಕ್ರಿಸ್‌ಮಸ್. ಕಂಪ್ಯೂಟರಿನ ಮೈನ್‌ಕ್ರಾಫ್ಟ್ ಜಾವಾ ಎಡಿಷನ್‌ನಲ್ಲಿ ಡಿಸೆಂಬರ್ 24ರಿಂದ 26ರವರೆಗೆ ಮರದ ಪೆಟ್ಟಿಗೆಗಳು ಉಡುಗೊರೆ ಡಬ್ಬಿಯ ರೂಪ ತಾಳುತ್ತವೆ. ಇದನ್ನು ಕಣ್ಣಾರೆ ನೋಡಬೇಕೆಂದರೆ ಒಂದು ಪ್ರಯೋಗ ಮಾಡಿ. ಆಟ ಮುಚ್ಚಿ, ನೆಟ್ ಕಿತ್ತು, ಕಂಪ್ಯೂಟರಿನ ತಾರೀಖನ್ನು ಡಿಸೆಂಬರ್ 25ಕ್ಕೆ ಇಟ್ಟು, ಆಟ ಮತ್ತೆ ತೆರೆದು ನಿಮ್ಮ ಮನೆಯೊಳಗೆ ಹೋಗಿ. ನಿನ್ನೆವರೆಗೆ ಕಂದು ಹಲಗೆಯ ಪೆಟ್ಟಿಗೆ ಇದ್ದ ಜಾಗದಲ್ಲಿ ರಿಬ್ಬನ್ ಕಟ್ಟಿದ ಡಬ್ಬಿ ಕೂತಿರುತ್ತದೆ. ಒಳಗಿನ ಸಾಮಾನು ಹಾಗೇ ಇರುತ್ತದೆ. ಯಾವ ಸರ್ವರ್ ಕೂಡ ಇದನ್ನು ಕಳಿಸಲಿಲ್ಲ. ಆ ಚಿತ್ರ ಮೊದಲಿನಿಂದಲೂ ನಿಮ್ಮ ಹಾರ್ಡ್‌ಡಿಸ್ಕ್‌ನಲ್ಲೇ ಇತ್ತು, ತಾರೀಖಿಗಾಗಿ ಕಾಯುತ್ತಿತ್ತು. ನೋಡಿದ ಮೇಲೆ ತಾರೀಖನ್ನು ತಪ್ಪದೆ ಸರಿ ಮಾಡಿ. ಗಡಿಯಾರ ತಪ್ಪಿದ ಯಂತ್ರದಲ್ಲಿ ವೆಬ್‌ಸೈಟುಗಳು ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬರುತ್ತದೆ, ಲಾಗಿನ್‌ಗೆ 30 ಸೆಕೆಂಡಿಗೊಂದು ಕೋಡ್ ಕೊಡುವ ಆ್ಯಪ್‌ಗಳೂ ತಪ್ಪು ಕೋಡ್ ಕೊಡುತ್ತವೆ.

ಮೂರನೆಯದರಲ್ಲಿ ಜನ ಬಹಳ ಮೋಸ ಹೋಗುತ್ತಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಂಟೆಂಡೊದ ಅನಿಮಲ್ ಕ್ರಾಸಿಂಗ್ ಸರಣಿಯ ಹಳೆಯ ಆಟಗಳಲ್ಲಿ ವರ್ಷದ ಹಬ್ಬಗಳೆಲ್ಲ ಡಿಸ್ಕ್ ಅಥವಾ ಕಾರ್ಟ್ರಿಡ್ಜ್‌ನಲ್ಲೇ (ಯಂತ್ರಕ್ಕೆ ಸಿಕ್ಕಿಸುವ ಆಟದ ಕಾರ್ಡ್) ಬರುತ್ತಿದ್ದವು. ಗಡಿಯಾರ ಮುಂದೆ ತಿರುಗಿಸಿದರೆ ಜುಲೈಯಲ್ಲೇ ಡಿಸೆಂಬರಿನ ಹಬ್ಬ ನೋಡಬಹುದಿತ್ತು. 2020ರ ಮಾರ್ಚ್ 20ರಂದು ಬಂದ ನ್ಯೂ ಹೊರೈಜನ್ಸ್‌ನಲ್ಲಿ ಆ ದಾರಿ ಮುಚ್ಚಿದರು. ಹ್ಯಾಲೋವೀನ್ ಬೇಕಾದರೆ ಸೆಪ್ಟೆಂಬರ್ ಕೊನೆಯಲ್ಲಿ ಬಂದ 1.5.0 ಅಪ್‌ಡೇಟ್ ಇಳಿಸಿಕೊಂಡಿರಬೇಕಿತ್ತು. ವರ್ಷದ ಕೊನೆಯ ಹಬ್ಬಗಳಿಗೆ ನವೆಂಬರಿನ ಅಪ್‌ಡೇಟ್ ಬೇಕಿತ್ತು. ಅಪ್‌ಡೇಟ್ ಇಲ್ಲದ ಯಂತ್ರದಲ್ಲಿ ಗಡಿಯಾರವನ್ನು ಎಷ್ಟು ತಿರುಗಿಸಿದರೂ ಆಟ ನಡೆಯುವ ದ್ವೀಪ ಸುಮ್ಮನೆ ಬಿದ್ದಿರುತ್ತಿತ್ತು. ಈ ಬಗೆಯ ಆಟವನ್ನು ಸೆಕೆಂಡ್ ಹ್ಯಾಂಡ್ ಕಾರ್ಟ್ರಿಡ್ಜ್ ಆಗಿ ಕೊಂಡವರು ಇದನ್ನು ಮರೆಯಬಾರದು. ಕಾರ್ಟ್ರಿಡ್ಜ್‌ನಲ್ಲಿ ಇರುವುದು ಅಚ್ಚಾದ ದಿನದ ಆಟ. ಹಬ್ಬಗಳು ಇರುವುದು ನೆಟ್‌ನಲ್ಲಿ.

ನಾಲ್ಕನೆಯದು ಪೂರ್ತಿ ಸರ್ವರ್ ಕೈಯಲ್ಲಿರುವ ಹಬ್ಬ. ಬಿಜಿಎಂಐ, ಫ್ರೀ ಫೈರ್ ಮ್ಯಾಕ್ಸ್, ಗೆನ್ಶಿನ್ ಇಂಪ್ಯಾಕ್ಟ್, ಪೋಕೆಮಾನ್ ಗೋ, ಕ್ಲ್ಯಾಶ್ ಆಫ್ ಕ್ಲ್ಯಾನ್ಸ್, ಎಲ್ಲ ಇದೇ ಗುಂಪು. ಇಲ್ಲಿ ಹಬ್ಬದ ಚಿತ್ರ, ಸಂಗೀತ, ವೇಷಗಳು ಎಷ್ಟೋ ಸಲ ವಾರ ಮುಂಚೆಯೇ ನಿಮ್ಮ ಫೋನಿಗೆ ಬಂದು ಇಳಿದಿರುತ್ತವೆ. ಮದುವೆ ಮನೆಗೆ ಪಾತ್ರೆ ಪಗಡ ಹಿಂದಿನ ದಿನವೇ ಬಂದಂತೆ. ಒಲೆ ಹಚ್ಚುವುದು ಮಾತ್ರ ಸರ್ವರ್. ಹಾಗಾಗಿ ಅಪ್‌ಡೇಟ್ ಹಾಕಿಯೂ ಹಬ್ಬ ಕಾಣದಿದ್ದರೆ ಗಾಬರಿಯಾಗಿ ಆಟ ಅಳಿಸಿ ಮತ್ತೆ ಹಾಕಬೇಡಿ. ನಮ್ಮ ಬೀದಿಯ ಒಬ್ಬ ಹುಡುಗ ಹೀಗೆ ಅಳಿಸಿ, ಮತ್ತೆ ಅಷ್ಟೂ ಜಿಬಿ ಇಳಿಸುವಷ್ಟರಲ್ಲಿ ಮೊದಲ ದಿನದ ಬಹುಮಾನ ಕಳೆದುಕೊಂಡ. ಮುಹೂರ್ತಕ್ಕೆ ಇನ್ನೂ ಎರಡು ಗಂಟೆ ಇತ್ತು, ಅಷ್ಟೇ.

ಯಾವ ಬಗೆ ಅಂತ ತಿಳಿಯದಿದ್ದರೆ ಏರೋಪ್ಲೇನ್ ಮೋಡ್ ಹಾಕಿ ಆಟ ತೆರೆಯಿರಿ. ಒಳಗೇ ಬಿಡದಿದ್ದರೆ ನಾಲ್ಕನೆಯದು. ಒಳಗೆ ಬಿಟ್ಟರೆ ಮೊದಲ ಮೂರರಲ್ಲಿ ಒಂದಾಗಿರುವ ಸಾಧ್ಯತೆ ಹೆಚ್ಚು.

ಹಂತ 2: ಪ್ರಕಟಣೆಯ ಗಂಟೆಯನ್ನು ನಮ್ಮ ಗಂಟೆಗೆ ಇಳಿಸಿ

ಯುಟಿಸಿ ಅಂತ ಇದ್ದರೆ ಐದೂವರೆ ಗಂಟೆ ಕೂಡಿಸಿ. 00:00 ಅಂದರೆ ನಮಗೆ ಬೆಳಗಿನ 5:30, 08:00 ಅಂದರೆ ಮಧ್ಯಾಹ್ನ 1:30, 18:00 ಅಂದರೆ ರಾತ್ರಿ 11:30. ಯುಟಿಸಿ 18:30 ದಾಟಿದರೆ ನಮ್ಮ ತಾರೀಖೂ ಬದಲಾಗುತ್ತದೆ, ಅದನ್ನು ನೆನಪಿಡಿ. ಜಪಾನ್ ಗಂಟೆ ಇದ್ದರೆ ಮೂರೂವರೆ ಗಂಟೆ ಕಳೆಯಿರಿ. ಅಲ್ಲಿ ಮಧ್ಯಾಹ್ನ 3 ಅಂದರೆ ಇಲ್ಲಿ 11:30. ಯುಟಿಸಿ+8 ಅಂತ ಇದ್ದರೆ ಎರಡೂವರೆ ಗಂಟೆ ಕಳೆಯಿರಿ.

ಅಮೆರಿಕದ ಪೆಸಿಫಿಕ್ ಗಂಟೆಯಲ್ಲಿ ಒಂದು ತೊಡಕಿದೆ. ಅವರು ಮಾರ್ಚ್ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ಹಾಕುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದೆ ಹಾಕುತ್ತಾರೆ. ನಾವು ಹಾಕುವುದಿಲ್ಲ. ಕಂಪ್ಯೂಟರ್ ಆಟ ಮಾರುವ ಸ್ಟೀಮ್ ಅಂಗಡಿಯ ದೊಡ್ಡ ಸೇಲ್‌ಗಳು ಅಲ್ಲಿಯ ಬೆಳಿಗ್ಗೆ 10ಕ್ಕೆ ಶುರು. ಬೇಸಿಗೆಯ ಸೇಲ್ ನಮಗೆ ರಾತ್ರಿ 10:30ಕ್ಕೆ ತೆರೆದರೆ ಚಳಿಗಾಲದ್ದು 11:30ಕ್ಕೆ ತೆರೆಯುತ್ತದೆ. ಹ್ಯಾಲೋವೀನ್ ಹಬ್ಬ ಅಕ್ಟೋಬರ್ ಕೊನೆಗೆ ಶುರುವಾಗಿ ನವೆಂಬರ್ ಮೊದಲ ವಾರಕ್ಕೆ ಮುಗಿಯುವುದಿದ್ದರೆ, ಶುರುವಾಗುವ ಗಂಟೆಗೂ ಮುಗಿಯುವ ಗಂಟೆಗೂ ನಮ್ಮ ಲೆಕ್ಕದಲ್ಲಿ ಒಂದು ಗಂಟೆ ವ್ಯತ್ಯಾಸ ಬರಬಹುದು.

ಇನ್ನು "ಲೋಕಲ್ ಟೈಮ್" ಅಂತ ಇದ್ದರೆ ಏನೂ ಮಾಡಬೇಡಿ. ಹೊರಗೆ ನಡೆದಾಡುತ್ತಾ ಆಡುವ ಪೋಕೆಮಾನ್ ಗೋದಲ್ಲಿ ಕಮ್ಯುನಿಟಿ ಡೇ ಅನ್ನುವ ಹಬ್ಬ ಸಾಮಾನ್ಯವಾಗಿ ಮಧ್ಯಾಹ್ನ 2ರಿಂದ 5, ಸ್ಥಳೀಯ ಸಮಯ. ಕುಂದುವಾಡ ಕೆರೆ ಏರಿಯ ಮೇಲೆ ನಡೆಯುವವನಿಗೆ ಇಲ್ಲಿಯ 2 ಗಂಟೆಯೇ 2 ಗಂಟೆ. "ಸರ್ವರ್ ಟೈಮ್" ಅಂತ ಇದ್ದರೆ ನೀವು ಯಾವ ಸರ್ವರ್ ಆರಿಸಿದ್ದೀರಿ ನೋಡಿ. ಗೆನ್ಶಿನ್‌ನ ಏಷ್ಯಾ ಸರ್ವರ್ ಯುಟಿಸಿ+8ರಲ್ಲಿ ನಡೆಯುತ್ತದೆ. ಅದರ ದಿನ ಬದಲಾಗುವುದು ಅಲ್ಲಿಯ ಬೆಳಗಿನ 4ಕ್ಕೆ, ನಮ್ಮ ನಡುರಾತ್ರಿ 1:30ಕ್ಕೆ. ರಾತ್ರಿ 12 ದಾಟಿದ ಕೂಡಲೇ ಹೊಸ ದಿನದ ಕೆಲಸ ಸಿಗಲಿಲ್ಲ ಅಂತ ಕೊರಗುವವರಿಗೆ ಉತ್ತರ ಇದು.

ಲೆಕ್ಕ ಆದ ಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಫೋನ್ ಅಲಾರಂಗಿಂತ ಇದು ಒಳ್ಳೆಯದು ಅಂತ ನನ್ನ ಅನುಭವ. ಅಮಾವಾಸ್ಯೆ, ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಅದರ ಪಕ್ಕದಲ್ಲೇ ಮಗುವಿನ ಆಟದ ಹಬ್ಬ ಇದ್ದರೆ ಅಪ್ಪ ಅಮ್ಮನಿಗೂ ಕಾಣುತ್ತದೆ, ಆ ದಿನ ಊರಿಗೆ ಹೋಗುವುದಿದ್ದರೆ ಮುಂಚೆಯೇ ಮಾತಾಗುತ್ತದೆ. ಮುಕ್ತಾಯದ ಗಂಟೆಯನ್ನು ಯಾವಾಗಲೂ ಒಂದು ದಿನ ಮುಂಚೆಯೇ ಬರೆಯುವುದು ನಮ್ಮ ಮನೆಯ ರೂಢಿ.

ಹಂತ 3: ಜಾಗ ಮತ್ತು ಡೇಟಾದ ಲೆಕ್ಕ

ಅಪ್‌ಡೇಟ್ 3 ಜಿಬಿ ಅಂತ ಇದ್ದರೆ 3 ಜಿಬಿ ಜಾಗ ಸಾಲದು. ಇಳಿದ ಕಡತವನ್ನು ಬಿಚ್ಚಿ, ಹಳೆಯದರ ಜೊತೆ ಸೇರಿಸಿ, ಆಮೇಲೆ ಹಳೆಯದನ್ನು ಅಳಿಸುವ ತನಕ ಎರಡಕ್ಕೂ ಜಾಗ ಬೇಕು. ಫೋನಿನಲ್ಲಿ ಕನಿಷ್ಠ ಎರಡರಷ್ಟು ಖಾಲಿ ಇಡಿ. ಕಂಪ್ಯೂಟರಿನಲ್ಲಿ ಕೆಲವು ಆಟಗಳಿಗೆ ಇನ್ನೂ ಹೆಚ್ಚು ಬೇಕಾಗುತ್ತದೆ. ಜಾಗ ಬೇಕೆಂದರೆ ಮೊದಲು ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನ ಸ್ಟೋರೇಜ್ ಆ್ಯಂಡ್ ಡೇಟಾದಲ್ಲಿ ಮ್ಯಾನೇಜ್ ಸ್ಟೋರೇಜ್ ತೆಗೆಯಿರಿ. ನಮ್ಮ ಅಮ್ಮನ ಫೋನಿನಲ್ಲಿ ಶುಭೋದಯದ ವಿಡಿಯೊಗಳೇ ಹಲವು ಜಿಬಿ ತಿಂದಿದ್ದವು.

ವೇಗದ ವಿಷಯದಲ್ಲಿ ಒಂದು ಗೊಂದಲ ಎಲ್ಲರಿಗೂ ಇದೆ. ನೆಟ್ ಕಂಪನಿ ಹೇಳುವ 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 100 ಮೆಗಾಬಿಟ್. ಆಟದ ಗಾತ್ರ ಹೇಳುವುದು ಬೈಟ್‌ನಲ್ಲಿ. 8ರಿಂದ ಭಾಗಿಸಬೇಕು. 100ರ ಸಂಪರ್ಕದಲ್ಲಿ ಸೆಕೆಂಡಿಗೆ 12.5 ಎಂಬಿ, 10 ಜಿಬಿ ಇಳಿಯಲು ಸುಮಾರು 14 ನಿಮಿಷ. 30ರ ಸಂಪರ್ಕದಲ್ಲಿ ಅದೇ 10 ಜಿಬಿಗೆ ಮುಕ್ಕಾಲು ಗಂಟೆ. ಇದು ಎಲ್ಲವೂ ಸರಿಯಿದ್ದಾಗಿನ ಮಾತು. ಅದೇ ಗಂಟೆಗೆ ಲಕ್ಷಾಂತರ ಜನ ಇಳಿಸುತ್ತಿದ್ದರೆ ಇನ್ನೂ ನಿಧಾನ.

ಮೊಬೈಲ್ ಡೇಟಾ ಮನೆಗಳಿಗೆ ಇದಕ್ಕಿಂತ ಕಷ್ಟ. ದಿನಕ್ಕೆ ಇಂತಿಷ್ಟು ಜಿಬಿ ಅನ್ನುವ ಪ್ಲಾನ್‌ನಲ್ಲಿ ಕೋಟಾ ಮುಗಿದರೆ ವೇಗ 64 ಕೆಬಿಪಿಎಸ್‌ಗೆ ಕುಸಿಯುತ್ತದೆ. ಆ ವೇಗದಲ್ಲಿ 1 ಜಿಬಿ ಇಳಿಯಲು ಸುಮಾರು 35 ಗಂಟೆ. ಅಕ್ಕನ ಮನೆಯಲ್ಲಿ ನಾವು ಕಂಡುಕೊಂಡ ದಾರಿ ಹೀಗಿದೆ: ಕೋಟಾ ನಡುರಾತ್ರಿ 12ಕ್ಕೆ ಹೊಸದಾಗುತ್ತದೆ. ಅಪ್‌ಡೇಟ್ ಬಂದ ದಿನ ಸಂಜೆ ವಿಡಿಯೊ ನೋಡದೆ 2 ಜಿಬಿ ಉಳಿಸಿಕೊಳ್ಳುವುದು, ರಾತ್ರಿ 11ರ ಸುಮಾರಿಗೆ ಡೌನ್‌ಲೋಡ್ ಹಚ್ಚುವುದು. 12 ದಾಟಿದ ಮೇಲೆ ಮರುದಿನದ 2 ಜಿಬಿ ಸೇರಿ ಒಂದೇ ಕೂತಲ್ಲಿ ಹತ್ತಿರ ಹತ್ತಿರ 4 ಜಿಬಿ ಸಿಗುತ್ತದೆ. ಆ ಹೊತ್ತಿನಲ್ಲಿ ಟವರ್ ಮೇಲೆ ಒತ್ತಡವೂ ಕಡಿಮೆ. ಇದಕ್ಕೆ ಮಗು ಎದ್ದಿರಬೇಕಿಲ್ಲ. ಅಕ್ಕನೇ ಹಚ್ಚಿ ಮಲಗುತ್ತಾಳೆ.

ಹಂತ 4: ಅಪ್‌ಡೇಟ್ ಹಾಕುವುದು

ಆಂಡ್ರಾಯ್ಡ್‌ನಲ್ಲಿ ಪ್ಲೇ ಸ್ಟೋರ್ ತೆರೆದು ನಿಮ್ಮ ಚಿತ್ರ ಒತ್ತಿ, ಸೆಟ್ಟಿಂಗ್ಸ್, ನೆಟ್‌ವರ್ಕ್ ಪ್ರಿಫರೆನ್ಸಸ್, ಆಟೋ ಅಪ್‌ಡೇಟ್ ಆ್ಯಪ್ಸ್‌ಗೆ ಹೋಗಿ ವೈಫೈ ಮಾತ್ರ ಅಂತ ಇಡಿ. ಆಮೇಲೆ ನಿಮ್ಮ ಆಟದ ಪುಟದಲ್ಲಿ ಮೇಲಿನ ಮೂರು ಚುಕ್ಕೆ ಒತ್ತಿ ಎನೇಬಲ್ ಆಟೋ ಅಪ್‌ಡೇಟ್‌ಗೆ ಗುರುತು ಹಾಕಿ. ಅಪ್‌ಡೇಟ್ ಬಂದಿದೆ ಅಂತ ಎಲ್ಲರೂ ಹೇಳುತ್ತಿದ್ದರೂ ನಿಮಗೆ ಓಪನ್ ಬಟನ್ ಮಾತ್ರ ಕಾಣುತ್ತಿದ್ದರೆ ಕಾಯಿರಿ. ಸ್ಟೋರ್‌ಗಳು ಹೊಸ ವರ್ಷನ್ ಅನ್ನು ಕಂತು ಕಂತಾಗಿ ಬಿಡುವುದುಂಟು. ಎಲ್ಲೋ ಸಿಕ್ಕಿದ ಎಪಿಕೆ ಕಡತ (ಸ್ಟೋರ್ ಬಿಟ್ಟು ಹೊರಗಿನಿಂದ ಆ್ಯಪ್ ಹಾಕುವ ಕಡತ) ಹಾಕಿಕೊಳ್ಳಬೇಡಿ.

ಸ್ಟೋರ್ ಅಪ್‌ಡೇಟ್ ಮುಗಿದರೆ ಕೆಲಸ ಅರ್ಧ ಮುಗಿದಂತೆ. ಉಳಿದರ್ಧ ಆಟದೊಳಗೆ ಇದೆ. ಆಟ ತೆರೆದ ಕೂಡಲೇ "ಸಂಪನ್ಮೂಲ ಇಳಿಸುತ್ತಿದೆ" ಅನ್ನುವ ಅರ್ಥದ ಎರಡನೇ ಪಟ್ಟಿ ಓಡಲು ಶುರುವಾಗುತ್ತದೆ, ಹಬ್ಬದ ನಕಾಶೆ ವೇಷಗಳು ಬರುವುದು ಅಲ್ಲಿ. ಫೋನ್ ಲಾಕ್ ಆದರೆ, ಬೇರೆ ಆ್ಯಪ್‌ಗೆ ಹೋದರೆ ಬಹಳ ಆಟಗಳಲ್ಲಿ ಇದು ನಿಂತುಬಿಡುತ್ತದೆ. ಅಕ್ಕನ ಮಗ ಒಮ್ಮೆ ರಾತ್ರಿ ಹಚ್ಚಿ ಬೆಳಿಗ್ಗೆ ನೋಡಿದಾಗ 7 ಪರ್ಸೆಂಟ್‌ನಲ್ಲೇ ನಿಂತಿತ್ತು, ಸ್ಕ್ರೀನ್ 30 ಸೆಕೆಂಡಿಗೆ ಆರುವಂತೆ ಇತ್ತು. ಆ ಹೊತ್ತಿಗೆ ಮಾತ್ರ ಸ್ಕ್ರೀನ್ ಟೈಮ್‌ಔಟ್ ಅನ್ನು 30 ನಿಮಿಷಕ್ಕೆ ಇಟ್ಟು, ಬ್ರೈಟ್‌ನೆಸ್ ತಗ್ಗಿಸಿ, ಚಾರ್ಜರ್ ಹಚ್ಚಿ, ಕವರ್ ತೆಗೆದು ನೆಲದ ಮೇಲೆ ಇಡಿ. ದಿಂಬಿನ ಕೆಳಗೆ ಬೇಡ, ಬಿಸಿಯಾಗುತ್ತದೆ.

ಕೆಲವು ಆಟಗಳು ಮುಂಚೆಯೇ ಇಳಿಸಿಕೊಳ್ಳಲು ಬಿಡುತ್ತವೆ. ಗೆನ್ಶಿನ್‌ನ ಹೊಸ ವರ್ಷನ್ ಸಾಮಾನ್ಯವಾಗಿ 6 ವಾರಕ್ಕೊಮ್ಮೆ, ಅದಕ್ಕೆ ಎರಡು ದಿನ ಮುಂಚೆ ಪ್ರೀ ಇನ್‌ಸ್ಟಾಲ್ ತೆರೆಯುತ್ತದೆ. ಬದಲಾವಣೆಯ ದಿನ ಸರ್ವರ್ ನಮ್ಮ ಗಂಟೆಯಲ್ಲಿ ಬೆಳಗಿನ ಜಾವ 3:30ಕ್ಕೆ ಮುಚ್ಚಿ, ಸುಮಾರು 5 ಗಂಟೆ ರಿಪೇರಿ ಮುಗಿಸಿ 8:30ರ ಹೊತ್ತಿಗೆ ತೆರೆಯುತ್ತದೆ. ಚೀನಾದ ಹೊಸ ವರ್ಷದ ಸುಮಾರಿಗೆ ಬರುವ ಲ್ಯಾಂಟರ್ನ್ ರೈಟ್ ಹಬ್ಬಕ್ಕೆ ಕಾಯುವವರು ಪ್ರೀ ಇನ್‌ಸ್ಟಾಲ್ ಬಿಡಲೇಬಾರದು.

ಕಂಪ್ಯೂಟರಿನಲ್ಲಿ ಸ್ಟೀಮ್ ಇದ್ದವರು ಸೆಟ್ಟಿಂಗ್ಸ್‌ನ ಡೌನ್‌ಲೋಡ್ಸ್‌ನಲ್ಲಿ ಅಪ್‌ಡೇಟ್ ನಡೆಯಬೇಕಾದ ಗಂಟೆ ನಿಗದಿ ಮಾಡಬಹುದು. ನನ್ನದು ರಾತ್ರಿ 1ರಿಂದ 6. ಅದೇ ಪುಟದಲ್ಲಿ, 2023ರಲ್ಲಿ ಬಂದ ಇನ್ನೊಂದು ಸೌಲಭ್ಯ ಇದೆ: ಒಂದೇ ಮನೆಯ ನೆಟ್‌ವರ್ಕ್‌ನಲ್ಲಿ ಎರಡು ಕಂಪ್ಯೂಟರ್ ಇದ್ದು ಎರಡರಲ್ಲೂ ಸ್ಟೀಮ್ ಇದ್ದರೆ, ಒಂದರಿಂದ ಇನ್ನೊಂದಕ್ಕೆ ಆಟದ ಕಡತ ನೇರ ಹೋಗುತ್ತದೆ. ಇದರ ಉಪಯೋಗ ತಿಳಿದಿರುವವರು ಕಡಿಮೆ. ಹಾಸ್ಟೆಲಿನಲ್ಲಿರುವ ಹುಡುಗರು ಒಬ್ಬನ ಲ್ಯಾಪ್‌ಟಾಪಿಗೆ ಒಮ್ಮೆ ಇಳಿಸಿ ಉಳಿದವರಿಗೆ ಹಂಚಬಹುದು. ಲಾಗಿನ್‌ಗೆ ನೆಟ್ ಬೇಕು, ಆದರೆ ಹತ್ತಾರು ಜಿಬಿ ಹೊರಗಿನಿಂದ ಎಳೆಯಬೇಕಿಲ್ಲ. ಫ್ರೆಂಡ್ಸ್ ಓನ್ಲಿ ಅಂತ ಇಟ್ಟುಕೊಳ್ಳಿ.

ನಿಂಟೆಂಡೊ ಸ್ವಿಚ್‌ನಲ್ಲೂ ಇಂಥದೇ ಒಂದು ಉಪಾಯ. ಆಟದ ಚಿತ್ರದ ಮೇಲೆ ಪ್ಲಸ್ ಬಟನ್ ಒತ್ತಿ, ಸಾಫ್ಟ್‌ವೇರ್ ಅಪ್‌ಡೇಟ್‌ನಲ್ಲಿ ಮ್ಯಾಚ್ ವರ್ಷನ್ ವಿತ್ ಲೋಕಲ್ ಯೂಸರ್ಸ್ ಆರಿಸಿದರೆ ಪಕ್ಕದಲ್ಲಿ ಕೂತ ಗೆಳೆಯನ ಸ್ವಿಚ್‌ನಿಂದ ಹೊಸ ವರ್ಷನ್ ನಿಮ್ಮದಕ್ಕೆ ಬರುತ್ತದೆ, ಇಂಟರ್ನೆಟ್ ಇಲ್ಲದೆಯೇ. ಪ್ಲೇಸ್ಟೇಷನ್ 5ರಲ್ಲಿ ರೆಸ್ಟ್ ಮೋಡ್‌ನಲ್ಲೂ ನೆಟ್ ಸಂಪರ್ಕ ಉಳಿಯುವಂತೆ ಪವರ್ ಸೇವಿಂಗ್‌ನಲ್ಲಿ ಇಟ್ಟರೆ ಸಾಕು.

ಹಂತ 5: ಕರೆಂಟ್

ದಾವಣಗೆರೆ, ಚಿತ್ರದುರ್ಗ ಎರಡೂ ಬೆಸ್ಕಾಂ ವ್ಯಾಪ್ತಿ. ಲೈನ್ ಕೆಲಸಕ್ಕೆ ಕರೆಂಟ್ ತೆಗೆಯುವ ದಿನ ಯಾವ ಬಡಾವಣೆ, ಎಷ್ಟರಿಂದ ಎಷ್ಟು ಗಂಟೆ ಅಂತ ಹಿಂದಿನ ದಿನ ಪತ್ರಿಕೆಯಲ್ಲಿ ಬರುತ್ತದೆ. ಹಬ್ಬದ ಕೊನೆಯ ವಾರ ಆ ಪುಟ ತಪ್ಪದೆ ನೋಡಿ. ವಿಚಾರಿಸಲು 1912 ಇದೆ. ಫೈಬರ್ ಮನೆಯವರು ರೂಟರ್‌ಗೆ 12 ವೋಲ್ಟಿನ ಮಿನಿ ಯುಪಿಎಸ್ ಒಂದನ್ನು ತಂದಿಡಿ. ನಿಮ್ಮ ರೂಟರಿನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ನೋಡಿಯೇ ಕೊಳ್ಳಿ. ಗಾಳಿ ಮಳೆಯ ದಿನ ಸ್ಟೀಮ್ ಡೌನ್‌ಲೋಡ್ ನಡುವೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ. ಆಟದೊಳಗಿನ ಡೌನ್‌ಲೋಡ್ ಎಲ್ಲ ಆಟಗಳಲ್ಲೂ ಹಾಗೆ ಮುಂದುವರಿಯುವುದಿಲ್ಲ.

ಹಂತ 6: ಹಬ್ಬದ ದಿನಗಳನ್ನು ಹಂಚಿಕೊಳ್ಳಿ

ಮೊದಲ ದಿನವೇ ಪೆನ್ನು ಹಿಡಿದು ಕೂರಿ. ನಿಮಗೆ ಬೇಕಾದ ಒಂದು ವಸ್ತುವಿನ ಬೆಲೆ 1,200 ಟೋಕನ್, ದಿನಕ್ಕೆ ಸಿಗುವುದು ಗರಿಷ್ಠ 100 ಅಂತಿಟ್ಟುಕೊಳ್ಳಿ. 12 ದಿನ ಬೇಕು. ಹಬ್ಬ 14 ದಿನ ಇದ್ದರೆ ನಿಮಗೆ ಬಿಡುವು ಎರಡೇ ದಿನ. ನಡುವೆ ಒಂದು ಮದುವೆ, ಒಂದು ಕಿರುಪರೀಕ್ಷೆ ಬಂದರೆ ಆ ಬಿಡುವು ಮುಗಿಯಿತು. ಈ ಲೆಕ್ಕ ಮೊದಲೇ ಗೊತ್ತಿದ್ದರೆ ಆ ವಸ್ತು ಬೇಕೋ ಬೇಡವೋ ಅಂತ ಸಮಾಧಾನವಾಗಿ ತೀರ್ಮಾನಿಸಬಹುದು. ಗೊತ್ತಿಲ್ಲದವರು 11ನೇ ದಿನ ರಾತ್ರಿ 2ರ ತನಕ ಕೂರುತ್ತಾರೆ. ಮಾರ್ಚ್ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳು ಇರುವ ಮನೆಯಲ್ಲಿ ನಾನು ನೇರವಾಗಿ ಹೇಳುತ್ತೇನೆ: ದಿನಾ ಲಾಗಿನ್ ಆಗಿ ಉಚಿತವಾಗಿ ಸಿಗುವುದನ್ನು ತಗೊಳ್ಳಿ, ಎರಡು ನಿಮಿಷದ ಕೆಲಸ, ಉಳಿದದ್ದು ಬಿಡಿ.

ಟೋಕನ್ ಕೂಡಿಟ್ಟುಕೊಂಡು ಕೊನೆಗೆ ಖರ್ಚು ಮಾಡುವ ಅಭ್ಯಾಸ ಬೇಡ. ಬೇಕಾದಷ್ಟು ಆದ ದಿನವೇ ಕೊಟ್ಟು ತಗೊಳ್ಳಿ. ಆಟದೊಳಗಿನ ಅಂಚೆಪೆಟ್ಟಿಗೆಗೆ ಬಂದ ಬಹುಮಾನಗಳಿಗೂ ಅವಧಿ ಇರುತ್ತದೆ, ತೆರೆದು ಕ್ಲೇಮ್ ಒತ್ತದಿದ್ದರೆ ಅವೂ ಹೋಗುತ್ತವೆ.

ಲಾಗಿನ್ ಆಗದೆ ಗೆಸ್ಟ್ ಖಾತೆಯಲ್ಲಿ ಆಡುತ್ತಿದ್ದರೆ ಇವತ್ತೇ ಗೂಗಲ್ ಅಥವಾ ಬೇರೆ ಖಾತೆಗೆ ಜೋಡಿಸಿ. ಫೋನ್ ಕೆಟ್ಟರೆ ಗೆಸ್ಟ್ ಖಾತೆಯ ಜೊತೆ ವರ್ಷಗಳ ಹಬ್ಬ ಹೋಗುತ್ತದೆ. ಆಟವೇ ಸ್ಟೋರ್‌ನಿಂದ ಮಾಯವಾಗುವುದೂ ಉಂಟು. ಬಿಜಿಎಂಐ 2022ರ ಜುಲೈಯಲ್ಲಿ ಭಾರತದ ಸ್ಟೋರ್‌ಗಳಿಂದ ಹೋಗಿ 2023ರ ಮೇ ತಿಂಗಳಲ್ಲಿ ಮರಳಿ ಬಂದದ್ದು ಇಲ್ಲಿಯ ಹುಡುಗರಿಗೆಲ್ಲ ನೆನಪಿದೆ.

ಹಂತ 7: ದುಡ್ಡು ಮತ್ತು ಮೋಸ

ಸೀಸನ್ ಪಾಸ್ (ಹಂತ ದಾಟಿದಂತೆ ಹೆಚ್ಚಿನ ಬಹುಮಾನ ಕೊಡುವ, ದುಡ್ಡು ಕೊಟ್ಟು ಪಡೆಯುವ ಪಾಸ್) ಕೊಳ್ಳುವುದಿದ್ದರೆ ಮೊದಲ ದಿನ ಕೊಳ್ಳಬೇಡಿ. ಬಹಳಷ್ಟು ಆಟಗಳಲ್ಲಿ ನೀವು ದಾಟಿದ ಹಂತಗಳ ಬಹುಮಾನ ಕೊನೆಯಲ್ಲಿ ಪಾಸ್ ಕೊಂಡರೂ ಒಟ್ಟಿಗೆ ಸಿಗುತ್ತದೆ. ಉಚಿತವಾಗಿ ಆಡುತ್ತಾ ಹೋಗಿ, ಕೊನೆಗೆ ಮೂರು ದಿನ ಇರುವಾಗ ಎಷ್ಟು ಹಂತ ದಾಟಿದ್ದೀರಿ ನೋಡಿ, ಆಗ ದುಡ್ಡು ಕೊಡುವ ಮಾತು. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡಿ. ಮಗು ಗೊತ್ತಿಲ್ಲದೆ ಕೊಂಡಿದ್ದರೆ 48 ಗಂಟೆಯೊಳಗೆ ಗೂಗಲ್‌ಗೆ ಹಣ ವಾಪಸ್ ಕೇಳಿ. ಯುಪಿಐ ಆ್ಯಪ್‌ನಲ್ಲಿ ಆಟೋಪೇ (ತಾನಾಗಿಯೇ ದುಡ್ಡು ಕಡಿತವಾಗುವ) ಪಟ್ಟಿಯನ್ನೂ ತಿಂಗಳಿಗೊಮ್ಮೆ ತೆಗೆದು ನೋಡಿ.

ಹಬ್ಬ ಬಂದ ಕೂಡಲೇ "ಉಚಿತ ಡೈಮಂಡ್", "ಹಬ್ಬದ ಉಡುಗೊರೆ" ಅಂತ ಲಿಂಕ್‌ಗಳು ಬರುತ್ತವೆ. ಕೂಪನ್ ಕೋಡ್ ಹಾಕಬೇಕಾದ್ದು ಆಟದೊಳಗೆ, ಇಲ್ಲವೇ ಆಟದೊಳಗಿಂದ ಕೊಟ್ಟ ಕಂಪನಿಯ ಪುಟದಲ್ಲಿ ಮಾತ್ರ. ಓಟಿಪಿ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ದುಡ್ಡು ಹೋಗಿಬಿಟ್ಟರೆ ಮನೆಯಲ್ಲಿ ಬೈಯ್ಯುತ್ತಾರೆ ಅಂತ ಮುಚ್ಚಿಡಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಹೇಳುತ್ತೀರೋ ಅಷ್ಟು ದುಡ್ಡು ತಡೆಯುವ ಅವಕಾಶ ಇರುತ್ತದೆ. ಪಾಲಕರಲ್ಲಿ ನನ್ನ ಕೋರಿಕೆ: ಆ ಹೊತ್ತಿನಲ್ಲಿ ಮೊದಲು ಫೋನ್ ಮಾಡಿ, ಮಗುವಿನ ಜೊತೆ ಮಾತು ಆಮೇಲೆ.

ಹಂತ 8: ತಪ್ಪಿಹೋದರೆ, ಮುಗಿದುಹೋದರೆ

ನಿಮ್ಮ ತಪ್ಪಿಲ್ಲದೆ, ಸರ್ವರ್ ಬಿದ್ದು ಹಬ್ಬ ತಪ್ಪಿದ್ದರೆ ಆಟದ ಸೆಟ್ಟಿಂಗ್ಸ್‌ನಲ್ಲಿರುವ ಸಪೋರ್ಟ್‌ಗೆ ಬರೆಯಿರಿ. ಆಟಗಾರನ ಐಡಿ, ತಾರೀಖು, ಗಂಟೆ, ಎರರ್ ಬಂದ ಪರದೆಯ ಸ್ಕ್ರೀನ್‌ಶಾಟ್, ಇಷ್ಟು ಇರಲಿ. ನಾಲ್ಕು ಸಾಲು ಸಾಕು. ಸಮಯದ ಲೆಕ್ಕ ನೀವೇ ತಪ್ಪಿದ್ದರೆ ಮುಂದಿನ ವರ್ಷಕ್ಕೆ ಕಾಯಬೇಕು. ಹಲವು ಹಬ್ಬಗಳು ಮತ್ತೆ ಬರುತ್ತವೆ, ಅದೇ ವೇಷ ಮತ್ತೆ ಬರುತ್ತದೆಂಬ ಭರವಸೆ ಇಲ್ಲ.

ಹಬ್ಬವೇ ಶಾಶ್ವತವಾಗಿ ಮುಗಿಯುವುದೂ ಇದೆ, ಅದು ನನ್ನನ್ನು ನಿಜವಾಗಿ ನೋಯಿಸುತ್ತದೆ. ಯೂಬಿಸಾಫ್ಟ್‌ನ ದಿ ಕ್ರೂ ಆಟದ ಸರ್ವರ್‌ಗಳು 2024ರ ಮಾರ್ಚ್ 31ರಂದು ಮುಚ್ಚಿದವು. ದುಡ್ಡು ಕೊಟ್ಟು ಡಿಸ್ಕ್ ತಂದವರೂ ಒಬ್ಬರೇ ಕೂತು ಆಡುವಂತಿಲ್ಲ. ಅದೇ ವರ್ಷ ನವೆಂಬರ್ ಕೊನೆಯಲ್ಲಿ ಅನಿಮಲ್ ಕ್ರಾಸಿಂಗ್ ಪಾಕೆಟ್ ಕ್ಯಾಂಪ್‌ನ ಆನ್‌ಲೈನ್ ಸೇವೆ ನಿಂತಿತು. ಆದರೆ ನಿಂಟೆಂಡೊ ಅದರ ಜಾಗದಲ್ಲಿ ಒಮ್ಮೆ ದುಡ್ಡು ಕೊಟ್ಟು ಕೊಳ್ಳುವ, ಸದಾ ನೆಟ್ ಬೇಡದ ಆವೃತ್ತಿಯೊಂದನ್ನು ಕೊಟ್ಟಿತು. ಹಳೆಯ ಆಟದ ದಾಖಲೆಯನ್ನು ಅದಕ್ಕೆ ಒಯ್ಯಲೂ ಅವಕಾಶ ಇತ್ತು. ಎರಡೂ ದಾರಿ ಕಣ್ಣ ಮುಂದಿದೆ. ಎರಡನೆಯದು ಆಗುವ ಕೆಲಸ ಅಂತ ಗೊತ್ತಾದ ಮೇಲೆ ಮೊದಲನೆಯದನ್ನು ಒಪ್ಪಿಕೊಳ್ಳಲು ನನಗೆ ಮನಸ್ಸಾಗುವುದಿಲ್ಲ. ಮುಚ್ಚುವ ಸುದ್ದಿ ತಿಂಗಳುಗಳ ಮುಂಚೆ ಬರುತ್ತದೆ. ಬಂದ ದಿನವೇ ಖಾತೆ ಒಯ್ಯುವ ದಾರಿ ಇದೆಯೇ ನೋಡಿ, ಕೊನೆಯ ತಾರೀಖನ್ನು ಹಂತ 2ರ ಲೆಕ್ಕದಲ್ಲಿ ಕ್ಯಾಲೆಂಡರಿಗೆ ಹಾಕಿ.

ಅಲ್ಲಿಯವರೆಗೆ ದಾಖಲೆ ಇಟ್ಟುಕೊಳ್ಳಿ. ಫೋನಿನ ಸ್ಕ್ರೀನ್ ರೆಕಾರ್ಡರ್‌ನಲ್ಲಿ ಹಬ್ಬದ ದಿನದ ಐದು ನಿಮಿಷ ಹಿಡಿದು, ವರ್ಷ ಮತ್ತು ಹಬ್ಬದ ಹೆಸರಿನ ಫೋಲ್ಡರಿನಲ್ಲಿ ಹಾಕಿ, ಪೆನ್‌ಡ್ರೈವ್‌ಗೂ ಒಂದು ಪ್ರತಿ ಮಾಡಿ. ಕೆಲವು ಆಟಗಳು ತಾವೇ ಗುರುತು ಉಳಿಸುತ್ತವೆ. ಕ್ಲ್ಯಾಶ್ ಆಫ್ ಕ್ಲ್ಯಾನ್ಸ್‌ನಲ್ಲಿ ಡಿಸೆಂಬರ್ ಬಂದರೆ ನಿಮ್ಮ ಹಳ್ಳಿಯಲ್ಲಿ ಒಂದು ಕ್ರಿಸ್‌ಮಸ್ ಮರ ಹುಟ್ಟುತ್ತದೆ, ಪ್ರತಿ ವರ್ಷದ್ದೂ ಬೇರೆ ಬೇರೆ ರೂಪ. ಕಡಿದರೆ ಹೋಗುತ್ತದೆ, ಬಿಟ್ಟರೆ ವರ್ಷಗಟ್ಟಲೆ ನಿಲ್ಲುತ್ತದೆ. ಹೊಳಲ್ಕೆರೆಯ ಹುಡುಗ ಈಗ ಎರಡು ಮರ ಉಳಿಸಿಕೊಂಡಿದ್ದಾನೆ. ಗೋಡೆ ಕಟ್ಟುವಾಗ ಅವು ಅಡ್ಡ ಬಂದರೆ ಗೋಡೆಯನ್ನೇ ಸುತ್ತಿ ಕಟ್ಟುತ್ತಾನೆ.